ಬೆಳ್ಳಾರೆಯ ಖಜಾನೆ ಮತ್ತು ಹಾಂಗ್‌ಕಾಂಗಿನಿಂದ ಬಂದ ಒಂದು ಪತ್ರ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಒಂದು ಮಿಂಚಂಚೆ ಬಂತು. ಬೆಳ್ಳಾರೆಯ ಕಡೆಯ ಹುಡುಗ. ಈಗ ಹುಡುಗನೆನ್ನುವುದು ತಪ್ಪು, ಅವನ ಮಗಳೇ ಕಾಲೇಜಿನ ಮೆಟ್ಟಿಲು ಹತ್ತಿದ್ದಾಳೆ. ಹಾಂಗ್‌ಕಾಂಗಿನ ಒಂದು ಬ್ಯಾಂಕಿನಲ್ಲಿ ಗಣಕಯಂತ್ರ ವಿಭಾಗದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿನ ಸ್ಟ್ಯಾನ್ಲಿ ಎಂಬ ಕಡಲತೀರದ ಊರಿಗೆ ಭಾನುವಾರ ತಿರುಗಾಡಲು ಹೋಗಿದ್ದವನು, ಸಮೀಪದ ಯುದ್ಧಸ್ಮಶಾನದಲ್ಲಿ ಅರ್ಧ ದಿನ ಕಳೆದು, ಕೆಲವು ಚಿತ್ರಗಳನ್ನೂ ಒಂದು ದೀರ್ಘ ಪತ್ರವನ್ನೂ ಕಳುಹಿಸಿದ್ದ. ಪತ್ರದ ಕೊನೆಯಲ್ಲಿ ಎರಡು ಪ್ರಶ್ನೆಗಳಿದ್ದವು. ಮೊದಲನೆಯದು: "ಸರ್, ಇಲ್ಲಿ ಯುದ್ಧದ ಕಾಲದಲ್ಲಿ ಕೆಲಸದಲ್ಲಿದ್ದು ಸತ್ತ ಬ್ಯಾಂಕ್ ನೌಕರರನ್ನು ನೆನಪಿಟ್ಟುಕೊಂಡಿದ್ದಾರೆ. ನಮ್ಮ ಪುತ್ತೂರು, ಸುಳ್ಯದ ಕಡೆ ಅಂಥವರು ಯಾರಾದರೂ ಇದ್ದಾರೆಯೇ?" ಎರಡನೆಯದು ಹೊಸ ಪ್ರಶ್ನೆಯಲ್ಲ. ಒಂಬತ್ತನೆಯ ತರಗತಿಯಲ್ಲಿ ಅವನೇ ನನ್ನಲ್ಲಿ ಕೇಳಿದ್ದ, ನಾನು ಉತ್ತರಿಸದೆ ಗದರಿಸಿ ಕುಳ್ಳಿರಿಸಿದ್ದ ಪ್ರಶ್ನೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಅವನು ಕಂಡ ಸಮಾಧಿಗಳ ಕಥೆ. ನಮ್ಮಲ್ಲಿ ಇದನ್ನು ತಿಳಿದವರು ಕಡಿಮೆ.

1941ರ ಡಿಸೆಂಬರ್ 8ರಂದು ಜಪಾನೀ ಸೇನೆ ಹಾಂಗ್‌ಕಾಂಗಿನ ಮೇಲೆ ಬಿತ್ತು. ಹದಿನೆಂಟನೆಯ ದಿನ, ಕ್ರಿಸ್ಮಸ್ಸಿನಂದೇ, ಬ್ರಿಟಿಷರು ಶರಣಾದರು. ಆ ಊರಿನ ದೊಡ್ಡ ಬ್ಯಾಂಕು ಹಾಂಗ್‌ಕಾಂಗ್ ಅಂಡ್ ಶಾಂಘಾಯ್ ಬ್ಯಾಂಕ್, 1865ರಲ್ಲಿ ಸ್ಥಾಪನೆಯಾದದ್ದು. ಅದರ ಮುಖ್ಯ ವ್ಯವಸ್ಥಾಪಕ ಸರ್ ವ್ಯಾಂಡೆಲ್ಯೂರ್ ಗ್ರೇಬರ್ನ್. ಇತರ ಬಿಳಿಯ ನಾಗರಿಕರನ್ನೆಲ್ಲ ಸ್ಟ್ಯಾನ್ಲಿಯ ಶಿಬಿರಕ್ಕೆ ತುಂಬಿದ ಜಪಾನೀಯರು ಬ್ಯಾಂಕಿನವರನ್ನು ಮಾತ್ರ ಊರೊಳಗೆ ಒಂದು ಅಗ್ಗದ ವಸತಿಗೃಹದಲ್ಲಿ ಕೂಡಿಹಾಕಿದರು. ಲೆಕ್ಕ ಗೊತ್ತಿರುವವರು ಗೆದ್ದವನಿಗೂ ಬೇಕಷ್ಟೆ. ಪ್ರತಿದಿನ ಅವರನ್ನು ಸಾಲಾಗಿ ನಡೆಸಿಕೊಂಡು ಬ್ಯಾಂಕಿಗೆ ಕರೆದೊಯ್ಯುತ್ತಿದ್ದರು. ತಮ್ಮ ಬ್ಯಾಂಕಿನ ಆಸ್ತಿಯನ್ನು ತಾವೇ ಕರಗಿಸಿ ಒಪ್ಪಿಸಬೇಕು; ಚಲಾವಣೆಗೆ ಬಾರದೆ ಉಳಿದಿದ್ದ ನೋಟುಗಳಿಗೆ ಬಲವಂತದಿಂದ ಸಹಿ ಹಾಕಬೇಕು. ಹಗಲು ಈ ಕೆಲಸ. ಅದರ ಮರೆಯಲ್ಲಿ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ಶಿಬಿರದಲ್ಲಿ ಹಸಿವಿನಿಂದ ನರಳುತ್ತಿದ್ದವರಿಗೆ ಗುಟ್ಟಾಗಿ ಹಣ ಸಂಗ್ರಹಿಸಿ ಕಳುಹಿಸುವುದು, ಔಷಧ ಕಳುಹಿಸುವುದು, ಹೊರಗಿನ ಸುದ್ದಿಯನ್ನು ಒಳಗೂ ಒಳಗಿನದನ್ನು ಹೊರಗೂ ದಾಟಿಸುವುದು.

1943ರ ಮಾರ್ಚಿನಲ್ಲಿ ಗ್ರೇಬರ್ನ್ ಸಿಕ್ಕಿಬಿದ್ದರು. ಶಿಬಿರದ ದಾದಿಯರಿಗಾಗಿ ಹಣ ಕಳುಹಿಸಿದ್ದು ಅಪರಾಧ. ಜೈಲಿನಲ್ಲಿ ಅನ್ನವಿಲ್ಲದೆ, ಚಿಕಿತ್ಸೆಯಿಲ್ಲದೆ ಅದೇ ಆಗಸ್ಟಿನಲ್ಲಿ ತೀರಿಕೊಂಡರು. ಅವರ ಕೈಕೆಳಗಿನ ಅಧಿಕಾರಿ ಚಾರ್ಲ್ಸ್ ಹೈಡ್‌ನನ್ನೂ ಹಿಡಿದರು. ಅವನನ್ನು 1943ರ ಅಕ್ಟೋಬರ್ 29ರಂದು ಸ್ಟ್ಯಾನ್ಲಿಯ ತೀರದಲ್ಲಿ, ಬೇರೆ ಮೂವತ್ತಕ್ಕೂ ಹೆಚ್ಚು ಮಂದಿಯೊಂದಿಗೆ ಕೊಂದರು. ಹೈಡ್‌ನ ಹೆಂಡತಿಯೂ ಶಿಬಿರದಲ್ಲೇ ಕಾಯಿಲೆ ಬಿದ್ದು ಸತ್ತಳು. ಅನಾಥನಾದ ಅವರ ಚಿಕ್ಕ ಮಗನನ್ನು ಗ್ರೇಬರ್ನ್ ಅವರ ವಿಧವೆ ಮಗನಾಗಿ ಸ್ವೀಕರಿಸಿ ಸಾಕಿದರು.

ಅದೇ ದಿನ, ಅದೇ ತೀರದಲ್ಲಿ ತಲೆ ಕೊಟ್ಟವರಲ್ಲಿ ನಮ್ಮವನೊಬ್ಬನಿದ್ದ. ಕ್ಯಾಪ್ಟನ್ ಮತೀನ್ ಅಹಮದ್ ಅನ್ಸಾರಿ, ಏಳನೆಯ ರಜಪೂತ್ ರೆಜಿಮೆಂಟಿನ ಐದನೆಯ ಬೆಟಾಲಿಯನ್, ಹೈದರಾಬಾದಿನವನು, ನಿಜಾಮರ ಬಂಧುವರ್ಗದವನು. ರಾಜಮನೆತನದ ನಂಟಿರುವವನನ್ನು ತಮ್ಮ ಕಡೆಗೆ ಒಲಿಸಿಕೊಂಡರೆ ಉಳಿದ ಭಾರತೀಯ ಸೈನಿಕರೂ ಬರುತ್ತಾರೆಂದು ಜಪಾನೀಯರ ಲೆಕ್ಕ. ಒಲಿಯಲಿಲ್ಲ; ಚಿತ್ರಹಿಂಸೆಗೂ ಬಗ್ಗಲಿಲ್ಲ. 1946ರಲ್ಲಿ ಮರಣೋತ್ತರ ಜಾರ್ಜ್ ಕ್ರಾಸ್ ಬಂತು. ನನ್ನ ವಿದ್ಯಾರ್ಥಿ ಕಳುಹಿಸಿದ ಚಿತ್ರದಲ್ಲಿ ಅವನ ಹೆಸರಿನ ಕಲ್ಲು ಸ್ಪಷ್ಟವಾಗಿ ಕಾಣುತ್ತದೆ. ಬ್ಯಾಂಕಿನವರೂ ಸೈನಿಕನೂ ಈಗ ಒಂದೇ ಹುಲ್ಲುಹಾಸಿನಡಿ ಇದ್ದಾರೆ.

ಬಲವಂತದಿಂದ ಸಹಿ ಹಾಕಿಸಿದ ಆ ನೋಟುಗಳ ಗತಿ ಏನಾಯಿತೆಂದು ಬ್ಯಾಂಕಿನಲ್ಲಿರುವ ನನ್ನ ಇತರ ಶಿಷ್ಯರು ಕೇಳಬಹುದು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಬ್ಯಾಂಕು ಅವನ್ನೂ ತನ್ನ ನೋಟುಗಳೆಂದೇ ಒಪ್ಪಿಕೊಂಡಿತು. ನಷ್ಟ ದೊಡ್ಡದು. ಆದರೆ ಬ್ಯಾಂಕಿನ ಸಹಿಯಿರುವ ಕಾಗದವನ್ನು ಬ್ಯಾಂಕೇ ನಿರಾಕರಿಸಿದರೆ ಮತ್ತೆ ಆ ಊರಿನಲ್ಲಿ ಬ್ಯಾಂಕು ಎಂಬ ಶಬ್ದಕ್ಕೆ ಬೆಲೆಯಿರುತ್ತಿರಲಿಲ್ಲ.

ಇನ್ನು ಅವನ ಪ್ರಶ್ನೆಗೆ ಬರೋಣ. ಬ್ಯಾಂಕುಗಳ ತವರೆಂದು ನಮ್ಮ ಜಿಲ್ಲೆಗೆ ಹೆಸರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕಾದ ಸಂಸ್ಥೆ, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಮುಂದೆ ಸಿಂಡಿಕೇಟ್ ಎಂದು ಹೆಸರಾದದ್ದು, 1931ರ ವಿಜಯದಶಮಿಗೆ ವಿಜಯಾ ಬ್ಯಾಂಕು. ಇವುಗಳಲ್ಲಿ ಮೂರು 2019 ಮತ್ತು 2020ರಲ್ಲಿ ದೊಡ್ಡ ಬ್ಯಾಂಕುಗಳೊಳಗೆ ಕರಗಿಹೋದವು; ನಮ್ಮ ಮನೆಗಳ ಹಳೆಯ ಪಾಸ್‌ಪುಸ್ತಕಗಳಲ್ಲಿ ಮಾತ್ರ ಹೆಸರುಳಿಸಿಕೊಂಡಿವೆ. ಇಂದಿಗೂ ಪುತ್ತೂರಿನ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕುಳಿತವನು ಬಹುತೇಕ ಸೇನೆಯಿಂದ ನಿವೃತ್ತನಾಗಿ ಬಂದವನೇ. ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಲ್ಲಿ ನೂರಕ್ಕೆ ಹದಿನಾಲ್ಕೂವರೆ, ಅದಕ್ಕೂ ಕೆಳಗಿನ ಹುದ್ದೆಗಳಲ್ಲಿ ಇಪ್ಪತ್ತನಾಲ್ಕೂವರೆ ಪಾಲು ಮಾಜಿ ಸೈನಿಕರಿಗೂ ಯುದ್ಧದಲ್ಲಿ ಮಡಿದವರ ಅವಲಂಬಿತರಿಗೂ ಮೀಸಲು. ಅಂದರೆ ನಮ್ಮಲ್ಲಿ ಯುದ್ಧದಿಂದ ಬ್ಯಾಂಕಿಗೆ ಬಂದವರಿದ್ದಾರೆ. ಅವನು ಕೇಳಿದ್ದು ತಿರುಗಿದ ದಾರಿ.

ನನಗೆ ತೋಚಿದ ಉತ್ತರ ಬ್ಯಾಂಕುಗಳು ಹುಟ್ಟುವುದಕ್ಕೂ ಹಿಂದಿನದು. ಮದ್ರಾಸ್ ಬ್ಯಾಂಕು ಸ್ಥಾಪನೆಯಾದದ್ದೇ 1843ರಲ್ಲಿ. ಅದಕ್ಕೂ ಮೊದಲು ನಮ್ಮ ಊರುಗಳಲ್ಲಿ ನಗದು ಹಣ ಒಟ್ಟಾಗುತ್ತಿದ್ದ, ಬೀಗ ಹಾಕಿ ಕಾಯುತ್ತಿದ್ದ, ಬರೆದಿಡುತ್ತಿದ್ದ ಸ್ಥಳವೆಂದರೆ ಸರ್ಕಾರದ ಖಜಾನೆ. ನಮ್ಮ ಮಟ್ಟಿಗೆ ಅದು ಬೆಳ್ಳಾರೆಯ ಖಜಾನೆ. ಹತ್ತಿರ ಹತ್ತಿರ ಇನ್ನೂರು ವರ್ಷಗಳ ಹಿಂದೆ ಒಂದು ಯುದ್ಧ ಅದರ ಬಾಗಿಲಿಗೇ ಬಂದಿತ್ತು.

ನನ್ನ ಶಿಷ್ಯರಿಗೆ 1837ರ ಕಥೆ ಗೊತ್ತು. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ದೂರದ ಊರುಗಳಲ್ಲಿ ಬೆಳೆದ ಮೊಮ್ಮಕ್ಕಳಿಗಾಗಿ ಸ್ವಲ್ಪ ವಿಸ್ತರಿಸುತ್ತೇನೆ. ಅಮರಸುಳ್ಯ, ಬೆಳ್ಳಾರೆ, ಪಂಜ ಮೊದಲಾದ ಮಾಗಣೆಗಳು ಘಟ್ಟದ ಕೆಳಗಿದ್ದರೂ ಕೊಡಗಿನ ಹಾಲೇರಿ ಅರಸರ ಆಳ್ವಿಕೆಗೆ ಸೇರಿದ್ದವು. 1834ರಲ್ಲಿ ಕಂಪನಿ ಸರ್ಕಾರ ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿ ಕೊಡಗನ್ನು ತೆಗೆದುಕೊಂಡಿತು. ಘಟ್ಟದ ಕೆಳಗಿನ ಈ ಭಾಗವನ್ನು ಕೊಡಗಿನಿಂದ ಕತ್ತರಿಸಿ, ಮಂಗಳೂರಿನಿಂದ ಆಡಳಿತ ನಡೆಯುವ ಕೆನರಾ ಜಿಲ್ಲೆಗೆ ಅಂಟಿಸಿತು. ನಕಾಶೆಯಲ್ಲಿ ಒಂದು ಗೆರೆ ಸರಿದದ್ದು ಅಷ್ಟೆ. ಆದರೆ ಆ ಗೆರೆಯೊಂದಿಗೆ ತೀರ್ವೆ ಕಟ್ಟುವ ಕ್ರಮವೇ ಬದಲಾಯಿತು. ಅರಸರ ಕಾಲದಲ್ಲಿ ರೈತ ಬೆಳೆದದ್ದರಲ್ಲಿ ಪಾಲು ಕೊಡುತ್ತಿದ್ದ. ಭತ್ತ ಬೆಳೆದವನು ಭತ್ತ ಅಳೆದರೆ ಸಾಕಿತ್ತು. ಕಂಪನಿಯವರಿಗೆ ಭತ್ತ ಬೇಡ, ರೂಪಾಯಿ ಬೇಕು. ಅದೂ ಗೊತ್ತಾದ ಕಂತಿಗೆ ಬೇಕು.

ಇದರ ಕಷ್ಟ ಈಗಿನವರಿಗೆ ಸುಲಭವಾಗಿ ಅರ್ಥವಾಗದು. ನೀವೆಲ್ಲ ಹುಟ್ಟುವಾಗಲೇ ಹಣ ಬ್ಯಾಂಕಿನಲ್ಲಿತ್ತು. ಸುಳ್ಯದ ಕಾಡಂಚಿನ ಒಬ್ಬ ಒಕ್ಕಲಿಗೆ ಅಂದು ನಗದು ಎಲ್ಲಿಂದ ಬರಬೇಕು? ಕೊಯ್ಲಿನ ಕಾಲಕ್ಕೆ ಎಲ್ಲರೂ ಒಮ್ಮೆಗೇ ಮಾರಲು ಹೊರಟರೆ ಬೆಲೆ ಬೀಳುತ್ತದೆ. ಮಾರಲು ಘಟ್ಟದ ಕೆಳಗೆ ನದಿಯ ದಂಡೆಯ ಪೇಟೆಗಳಿಗೆ ಹೊರಬೇಕು. ಹೊರಲಾಗದವನು ಬೆಳೆ ಕೈಗೆ ಬರುವ ಮೊದಲೇ ವ್ಯಾಪಾರಿಯಿಂದ ಸಾಲ ತಂದು ತೀರ್ವೆ ಕಟ್ಟಿ, ಬೆಳೆಯನ್ನು ಅವನು ಹೇಳಿದ ಬೆಲೆಗೆ ಅಳೆದು ಕೊಡಬೇಕು. ಉಪ್ಪೂ ಹೊಗೆಸೊಪ್ಪೂ ಸರ್ಕಾರದ ಏಕಸ್ವಾಮ್ಯವಾಗಿ ಹಳ್ಳಿಯವನ ಎರಡು ದೊಡ್ಡ ಅಗತ್ಯಗಳು ತುಟ್ಟಿಯಾದವು. ಜಿಲ್ಲೆಯ ಬೇರೆ ಭಾಗಗಳ ರೈತರು 1830-31ರಲ್ಲೇ ಕೂಟಗಳನ್ನು ಕಟ್ಟಿ ತೀರ್ವೆ ಕೊಡುವುದಿಲ್ಲವೆಂದು ಕುಳಿತಿದ್ದರು. ಅವರದು ಶಾಂತವಾದ ಹಟ. ಅಮರಸುಳ್ಯದವರು ಆ ನುಂಗಲಾರದ ತುತ್ತಿಗೆ ಹೊಸಬರು. ಮೂರೇ ವರ್ಷಕ್ಕೆ ಸಿಡಿದರು.

ನಾಯಕ ಬೇಕಿತ್ತು. ಹಾಲೇರಿ ವಂಶದ ಕಲ್ಯಾಣಸ್ವಾಮಿಯೆಂಬ ಹೆಸರು ಹೊತ್ತು ಪುಟ್ಟಬಸಪ್ಪ ಎಂಬಾತ ಕಾಣಿಸಿಕೊಂಡ. ಅವನು ನಿಜವಾದ ಅರಸುಕುಮಾರನಲ್ಲವೆಂಬುದು ಹತ್ತಿರದ ಮುಖಂಡರಿಗೆ ತಿಳಿದೇ ಇತ್ತೆಂದು ನನ್ನ ಎಣಿಕೆ. ಉಬರಡ್ಕದ ಕೆದಂಬಾಡಿ ರಾಮಯ್ಯ ಗೌಡರಂಥ ಲೋಕಜ್ಞಾನಿಗಳು ಮೋಸಹೋಗುವವರಲ್ಲ. ಜನಕ್ಕೆ ಒಂದು ಹೆಸರು ಬೇಕಿತ್ತು, ಹೆಸರು ಸಿಕ್ಕಿತು. ಅರೆಭಾಷೆ ಗೌಡರು, ಬಂಟರು, ಜೈನರು, ಬ್ರಾಹ್ಮಣರು, ಮಲೆಕುಡಿಯರು, ಹೀಗೆ ಆ ಹೆಸರಿನ ಹಿಂದೆ ಸೇರಿದವರ ಜಾತಿಪಟ್ಟಿ ಮಾಡಹೊರಟರೆ ನಮ್ಮ ತಾಲೂಕುಗಳ ಜನಗಣತಿಯೇ ಆಗುತ್ತದೆ.

1837ರ ಮಾರ್ಚ್ ಕೊನೆಯ ದಿನಗಳಲ್ಲಿ ಪೂಮಲೆಯಲ್ಲಿ ಸೇರಿದ ಈ ಜನ ಮಾಡಿದ ಮೊದಲ ಕೆಲಸ ಅಟ್ಲೂರು ರಾಮಪ್ಪಯ್ಯ ಎಂಬ ಸರ್ಕಾರಿ ನೌಕರನನ್ನು ಕೊಂದದ್ದು. ಎರಡನೆಯ ಕೆಲಸ ಬೆಳ್ಳಾರೆಗೆ ನಡೆದು ಖಜಾನೆಯನ್ನು ವಶಪಡಿಸಿಕೊಂಡದ್ದು. ಆಮೇಲೆ ಪುತ್ತೂರು. ಮಂಗಳೂರಿನಿಂದ ಪುತ್ತೂರಿಗೆ ಬಂದಿದ್ದ ಕಂಪನಿಯ ತುಕಡಿ ನಿಲ್ಲಲಾರದೆ ಹಿಂದೆ ಸರಿಯಿತು. ಅಲ್ಲಿಂದ ಪಾಣೆಮಂಗಳೂರು, ಬಂಟ್ವಾಳಗಳ ದಾರಿಯಲ್ಲಿ ಜನ ಸೇರುತ್ತಲೇ ಹೋದರು. ನಂದಾವರದ ಲಕ್ಷ್ಮಪ್ಪ ಬಂಗರಸನೂ ಕೂಡಿಕೊಂಡ. ಏಪ್ರಿಲ್ 5ರಂದು ಮಂಗಳೂರಿನ ಗುಡ್ಡದ ಮೇಲೆ ಕಂಪನಿಯ ಬಾವುಟ ಇಳಿದು ಇವರದ್ದು ಏರಿತು. ಆ ಗುಡ್ಡ ಇಂದಿಗೂ ಬಾವುಟಗುಡ್ಡ. ಅಧಿಕಾರಿಗಳು ಹಡಗು ಹತ್ತಿ ಕಣ್ಣಾನೂರಿನ ಕಡೆ ಹೋದರು. ಹದಿಮೂರು ದಿನ ಮಂಗಳೂರು ನಮ್ಮ ಸುಳ್ಯದವರ ಕೈಯಲ್ಲಿತ್ತು. ಬಳಿಕ ಕಣ್ಣಾನೂರು, ತಲಚೇರಿಗಳಿಂದ ಸೇನೆ ಬಂದು ಎಲ್ಲ ಮುಗಿಯಿತು. ಕಲ್ಯಾಣಸ್ವಾಮಿಯೆನಿಸಿಕೊಂಡವನನ್ನೂ ಬಂಗರಸನನ್ನೂ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ, ಮನೆಯವರ ಕಣ್ಣೆದುರೇ ನೇಣಿಗೆ ಹಾಕಿದರು. ಅನೇಕರು ಗಡಿಪಾರಾದರು.

ನಾನು ಪಾಠ ಹೇಳುವಾಗ ಬೆಳ್ಳಾರೆಯ ಖಜಾನೆಯ ಭಾಗವನ್ನು ಸ್ವಲ್ಪ ಅಭಿನಯಿಸಿಯೇ ಹೇಳುತ್ತಿದ್ದೆ. ಮೇಜನ್ನು ಗುದ್ದಿ ಬಾಗಿಲು ಒಡೆಯುವ ಸದ್ದು ಮಾಡುತ್ತಿದ್ದೆ. ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು. ಆದರೆ ಅದಕ್ಕೆ ಮೊದಲಿನ ಘಟನೆಯನ್ನು ಒಂದೇ ವಾಕ್ಯದಲ್ಲಿ ದಾಟಿಸಿಬಿಡುತ್ತಿದ್ದೆ: ಜನರನ್ನು ಪೀಡಿಸುತ್ತಿದ್ದ ರಾಮಪ್ಪಯ್ಯನೆಂಬವನನ್ನು ಮುಗಿಸಿ ಮುಂದೆ ನಡೆದರು. ಒಂದು ವರ್ಷ ಈ ವಾಕ್ಯ ಮುಗಿಯುತ್ತಲೇ ಬೆಳ್ಳಾರೆಯ ಆ ಹುಡುಗ ಎದ್ದು ನಿಂತ. "ಸರ್, ಅವರಿಗೆ ಮಕ್ಕಳಿದ್ದರೇ?"

ತರಗತಿ ನಕ್ಕಿತು. ನನಗೆ ಕಥೆಯ ಓಟ ತಪ್ಪಿದ ಸಿಟ್ಟು. ಪಾಠದಲ್ಲಿಲ್ಲದ್ದನ್ನು ಕೇಳಬೇಡ, ಕುಳಿತುಕೋ ಎಂದೆ. ಅವನು ಬಹುವಚನದಲ್ಲಿ ಕೇಳಿದ್ದನ್ನು ಆಗಲೇ ಗಮನಿಸಿದ್ದೆ. ನಾನು ಏಕವಚನದಲ್ಲಿ ಹೇಳಿದ್ದೆ. ಅವನ ತಂದೆ ಆಗ ಒಂದು ಸಹಕಾರಿ ಸಂಘದಲ್ಲಿ ನಗದು ಗುಮಾಸ್ತರಾಗಿದ್ದರು. ಸಾಲ ಕಟ್ಟದವರ ಮನೆಗೆ ನೋಟೀಸು ಹಿಡಿದು ಹೋಗುವ ಕೆಲಸವೂ ಅವರದೇ. ಊರಿನಲ್ಲಿ ಅವರ ಮೇಲೆ ಮುನಿಸಿದ್ದವರು ಕೆಲವರಿದ್ದರೆಂದು ಬಹಳ ಕಾಲದ ನಂತರ ತಿಳಿಯಿತು. ಹುಡುಗ ಯಾಕೆ ಕೇಳಿದ್ದನೆಂಬುದು ಆಮೇಲೆ ಹೊಳೆದರೆ ಏನು ಪ್ರಯೋಜನ?

ಈಗ ಹಾಂಗ್‌ಕಾಂಗಿನಿಂದ ಬಂದ ಪತ್ರದ ಎರಡನೆಯ ಪ್ರಶ್ನೆ ಅದೇ. "ಹೈಡ್ ಅವರ ಮಗನನ್ನು ಯಾರು ಸಾಕಿದರೆಂಬುದು ಕೂಡ ಇಲ್ಲಿ ದಾಖಲೆಯಲ್ಲಿದೆ ಸರ್. ನಾನು ಅಂದು ಕೇಳಿದ್ದು ನಿಮಗೆ ನೆನಪಿದೆಯೇ?"

ನೆನಪಿದೆ. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ರಾಮಪ್ಪಯ್ಯನವರನ್ನು ಹುತಾತ್ಮರೆಂದು ಕರೆಯುವುದು ನನ್ನ ಉದ್ದೇಶವಲ್ಲ. ಹಾಗೆ ಕರೆದರೆ ನಾನು ಇಷ್ಟು ವರ್ಷ ಮಾಡಿದ ಪಾಠಕ್ಕೆ ವಿರುದ್ಧವಾದೀತು, ಸತ್ಯಕ್ಕೂ ವಿರುದ್ಧವಾದೀತು. ಆತ ಜನರಿಗೆ ಕಿರುಕುಳ ಕೊಡುತ್ತಿದ್ದರೆಂಬುದೇ ಉಳಿದಿರುವ ಕಥನ. ಹಾಂಗ್‌ಕಾಂಗಿನ ಹೈಡ್ ಹಸಿದವರಿಗೆ ಹಣ ಮುಟ್ಟಿಸಲು ಹೋಗಿ ಸತ್ತವನು. ರಾಮಪ್ಪಯ್ಯನವರು ಬಡವನಿಂದ ಹಣ ಕಸಿಯುವ ವ್ಯವಸ್ಥೆಯ ಕೈಯಾಗಿ ಸತ್ತವರು. ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಕಂಪನಿಯ ಕಂತು ನಿಗದಿಯಾದದ್ದು ಪೂಮಲೆಯಲ್ಲಲ್ಲ. ಅದನ್ನು ನಿಗದಿ ಮಾಡಿದವರು ಹಡಗು ಹತ್ತಿ ಪಾರಾದರು. ವಸೂಲಿಗೆ ನಿಂತವನು ಸಿಕ್ಕಿಬಿದ್ದ. ದಂಗೆಗಳಲ್ಲಿ ಯಾವಾಗಲೂ ಮೊದಲು ಕೈಗೆ ಸಿಗುವವನು ಪಕ್ಕದ ಊರಿನವನೇ.

ಗುಡ್ಡೆಮನೆ ಅಪ್ಪಯ್ಯ ಗೌಡರನ್ನೂ ಈ ದೃಷ್ಟಿಯಿಂದ ನೋಡಬೇಕು. ಅವರ ಹೆಸರಿನ ಹಿಂದೆ ನಾವು ಸುಬೇದಾರರೆಂದು ಸೇರಿಸುತ್ತೇವೆ. ಕೇಳಿದೊಡನೆ ಮಕ್ಕಳು ಅದನ್ನು ಸೇನೆಯ ಹುದ್ದೆಯೆಂದು ತಿಳಿಯುತ್ತಾರೆ. ಕೊಡಗಿನಲ್ಲಿ ಸುಬೇದಾರನೆಂದರೆ ತಾಲೂಕಿನ ಆಡಳಿತ ನೋಡುವವನು, ಕಂದಾಯದ ಹೊಣೆಯೂ ಅವನದೇ, ಈಗಿನ ತಹಶೀಲ್ದಾರನಂತೆ. ಅಂದರೆ ಅವರೂ ಲೆಕ್ಕಪತ್ರ ಬಲ್ಲ ಸರ್ಕಾರಿ ಮನುಷ್ಯರು. ಖಜಾನೆಗೆ ಹಣ ಹೇಗೆ ಬರುತ್ತದೆ, ಯಾರ ಮನೆಯ ಪಾತ್ರೆ ಮಾರಿ ಬರುತ್ತದೆ ಎಂಬುದನ್ನು ಬಲ್ಲವರು. ಒಂದೇ ವರ್ಷದಲ್ಲಿ, ಒಂದೇ ಬಗೆಯ ಕೆಲಸ ಬಲ್ಲ ಇಬ್ಬರು ಸತ್ತರು. ಒಬ್ಬರು ಆ ಕೆಲಸಕ್ಕೆ ಅಂಟಿಕೊಂಡು, ಇನ್ನೊಬ್ಬರು ಅದನ್ನು ಬಿಸುಟು. ನಾನು ಯಾರ ಪಕ್ಷವೆಂದು ಕೇಳಿದರೆ ಗುಡ್ಡೆಮನೆಯವರ ಪಕ್ಷ. ಅದರಲ್ಲಿ ಸಂಶಯವಿಲ್ಲ. ಆದರೆ ಸಂಬಳದ ಕೆಲಸವನ್ನು ನಾನು ಮಾಡಿದ್ದು ಮೂವತ್ತಕ್ಕೂ ಹೆಚ್ಚು ವರ್ಷ, ಮೇಲಿನಿಂದ ಬಂದ ಸುತ್ತೋಲೆಗಳನ್ನು ಓದಿ ಹೇಳಿದ್ದು ಅಷ್ಟೇ ವರ್ಷ. ಬಿಸುಟು ಹೋಗುವ ಧೈರ್ಯ ನನ್ನಲ್ಲಿತ್ತೆಂದು ನಾನು ಎಲ್ಲೂ ಹೇಳಿಲ್ಲ.

ಸ್ಮರಣೆಯ ವಿಷಯದಲ್ಲಿ ಕಂಪನಿಯವರು ಬಹಳ ಚುರುಕು. ದಂಗೆ ಅಡಗಿದ ಮೇಲೆ, ಅಡಗಿಸಲು ನೆರವಾದ ಕೊಡಗಿನವರಿಗೆ ಪದಕಗಳನ್ನು ಮಾಡಿಸಿ ಹಂಚಿದರು. ಮುಖ್ಯರಾದವರಿಗೆ ಚಿನ್ನದ್ದು, ಉಳಿದವರಿಗೆ ಬೆಳ್ಳಿಯದು. ಅದರ ಮೇಲೆ ಆಯುಧ ಹಿಡಿದ ಕೊಡಗಿನ ವೀರನ ಚಿತ್ರ. ಇಂಗ್ಲಿಷಿನ ಬರಹದೊಂದಿಗೆ ನಮ್ಮ ಕನ್ನಡ ಅಕ್ಷರಗಳೂ ಇವೆ. ಪರದೇಶದ ಸರ್ಕಾರವೊಂದು ತನಗೆ ತೋರಿದ ನಿಷ್ಠೆಯನ್ನು ಕನ್ನಡದಲ್ಲಿ ಕೆತ್ತಿಸಿ ಕೊರಳಿಗೆ ಹಾಕಿದ ಅಪರೂಪದ ನಿದರ್ಶನವಿದು. ನಾಣ್ಯ, ಪದಕಗಳನ್ನು ಸಂಗ್ರಹಿಸುವವರು ಇಂದು ಇದಕ್ಕೆ ದೊಡ್ಡ ಬೆಲೆ ಕೊಡುತ್ತಾರೆ. ಗಲ್ಲಿಗೇರಿದವರಿಗೆ ಏನುಳಿಯಿತು? ಒಂದು ಬೈಗುಳ ಉಳಿಯಿತು. ಇಡೀ ಹೋರಾಟಕ್ಕೆ 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಹೆಸರು ಬಿತ್ತು. ಕಾಟಕಾಯಿಯೆಂದರೆ ಲೂಟಿ, ಉಪದ್ರವ. ನನ್ನ ಅಜ್ಜಿ ಮಕ್ಕಳ ಗಲಾಟೆ ಮಿತಿಮೀರಿದಾಗ "ಎಂತದಿದು ಕಾಟಕಾಯಿ?" ಎಂದು ಗದರುತ್ತಿದ್ದರು. ಆ ಶಬ್ದದೊಳಗೆ ನೇಣುಗಂಬವಿದೆಯೆಂಬುದು ಅವರಿಗೂ ತಿಳಿದಿರಲಿಲ್ಲ, ನಮಗೂ ತಿಳಿಯಲಿಲ್ಲ.

ಆ ಹೆಸರಿನ ಮಣ್ಣು ಒರೆಸುವ ಕೆಲಸವನ್ನು ಮೊದಲು ಮಾಡಿದವರಲ್ಲಿ ಸಾಹಿತಿ ನಿರಂಜನರು ಮುಖ್ಯರು. ಸುಬ್ರಹ್ಮಣ್ಯದ ಸಮೀಪದ ಕುಳಕುಂದದಲ್ಲಿ, ಈಗಿನ ಕಡಬ ತಾಲೂಕಿನಲ್ಲಿ, 1924ರಲ್ಲಿ ಹುಟ್ಟಿ ಸುಳ್ಯದಲ್ಲಿ ಬೆಳೆದವರು. 'ಕಲ್ಯಾಣಸ್ವಾಮಿ' ಎಂಬ ಕಾದಂಬರಿಯಲ್ಲಿ ಅವರು ಈ ಕಥೆಯನ್ನು ಲೂಟಿಯ ಕಥೆಯಾಗಿ ಹೇಳದೆ ಹೋರಾಟದ ಕಥೆಯಾಗಿ ಹೇಳಿದರು. ಅನಂತರ ಇತಿಹಾಸಕಾರರು ದಾಖಲೆಗಳನ್ನು ಕೆದಕಿದರು. ಊರಿನ ಉತ್ಸಾಹಿಗಳು ಸಮಿತಿಗಳನ್ನು ಮಾಡಿದರು. ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆ ನಿಂತಿತು. 2022ರ ನವೆಂಬರ್ 19ರಂದು ಮಂಗಳೂರಿನ ಬಾವುಟಗುಡ್ಡದಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯನ್ನು ಅಂದಿನ ಮುಖ್ಯಮಂತ್ರಿಗಳು ಅನಾವರಣ ಮಾಡಿದರು. ಲೆಕ್ಕ ಹಾಕಿ ನೋಡಿ, ನೂರ ಎಂಬತ್ತೈದು ವರ್ಷ. ಪದಕ ಹಂಚಲು ಕಂಪನಿಯವರಿಗೆ ಹಿಡಿದ ಕಾಲಕ್ಕೂ ಪ್ರತಿಮೆ ನಿಲ್ಲಿಸಲು ನಮಗೆ ಹಿಡಿದ ಕಾಲಕ್ಕೂ ಇರುವ ಅಂತರ ಅದು.

ಈಚಿನ ಯುದ್ಧಗಳ ಮಟ್ಟಿಗೆ ನಾವು ಅಷ್ಟು ನಿಧಾನಿಗಳಲ್ಲ. ಪುತ್ತೂರಿನ ಕಿಲ್ಲೆ ಮೈದಾನದ ಬಳಿ ಅಮರ್ ಜವಾನ್ ಜ್ಯೋತಿಯ ಸ್ಮಾರಕವಿದೆ. ರಾಷ್ಟ್ರೀಯ ದಿನಗಳಲ್ಲಿ ಶಾಲೆಯ ಮಕ್ಕಳು ಬಂದು ನಮಿಸುತ್ತಾರೆ. ಅದೇ ರಸ್ತೆಯಲ್ಲಿ ಬ್ಯಾಂಕುಗಳೂ ಖಜಾನೆಯೂ ತಾಲೂಕು ಕಚೇರಿಯೂ ಇರುವುದರಿಂದ ಈ ಬರಹದ ಪಾತ್ರಗಳೆಲ್ಲ ಅಲ್ಲಿ ಹತ್ತಿರ ಹತ್ತಿರ ಇದ್ದಂತೆ ನನಗೆ ತೋರುತ್ತದೆ. ಪಿಂಚಣಿಗೆ ಹೋದಾಗಲೆಲ್ಲ ಇದನ್ನು ಯೋಚಿಸುತ್ತೇನೆ. ಸರದಿ ಉದ್ದವಿದ್ದರೆ ಯೋಚನೆಯೂ ಉದ್ದ.

ಪತ್ರ ಬಂದ ಮುಂದಿನ ವಾರ ಮೊಮ್ಮಗನನ್ನು ಕರೆದುಕೊಂಡು ಬೆಳ್ಳಾರೆಗೆ ಹೋದೆ. ಖಜಾನೆಯಿದ್ದ ಗುಡ್ಡವನ್ನು ಜನ ಬಂಗ್ಲೆಗುಡ್ಡೆ ಎನ್ನುತ್ತಾರೆ. ಏರು ಹೆಚ್ಚಿಲ್ಲ, ನನ್ನ ಮೊಣಕಾಲಿಗೆ ಮಾತ್ರ ಹೆಚ್ಚು. ದಾರಿಯಲ್ಲಿ ಹುಡುಗನಿಗೆ ಕಥೆ ಹೇಳಿದೆ. ಈ ಸಲ ಮೇಜಿರಲಿಲ್ಲವಾದ್ದರಿಂದ ಬಾಗಿಲು ಒಡೆಯುವ ಸದ್ದೂ ಇರಲಿಲ್ಲ. ತೀರ್ವೆಯ ಕಂತಿನಿಂದ ಆರಂಭಿಸಿದೆ, ಭತ್ತದ ಬೆಲೆ ಹೇಳಿದೆ, ಸಾಲ ಕೊಡುವ ವ್ಯಾಪಾರಿಯನ್ನು ಹೇಳಿದೆ. ಪೂಮಲೆಗೆ ಬಂದಾಗ ರಾಮಪ್ಪಯ್ಯನವರನ್ನು ಕೊಂದರು ಎಂದೆ. ಮುಗಿಸಿದರು ಎನ್ನಲಿಲ್ಲ. ಹೇಳುತ್ತಾ ಹೇಳುತ್ತಾ ಮೇಲೆ ತಲುಪಿದೆವು.

ಅಲ್ಲಿ ನಿಂತು ಹೆಸರುಗಳನ್ನು ಒಮ್ಮೆ ಹೇಳಿಸಿದೆ. ಹಳೆಯ ಮೇಷ್ಟ್ರ ಚಾಳಿ, ಬಾಯಿಪಾಠವಿಲ್ಲದೆ ಪಾಠ ಮುಗಿಯದು. ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ, ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸ. ಹುಡುಗ ಬೆರಳು ಮಡಚಿ ಎಣಿಸಿದ. ಐದನೆಯದಾಗಿ ತಾನೇ ಸೇರಿಸಿದ, ಅಟ್ಲೂರು ರಾಮಪ್ಪಯ್ಯ.

"ಅವರು ಯಾರ ಕಡೆ ಅಜ್ಜ?" ಎಂದು ಕೇಳಿದ.

"ಈ ಕಟ್ಟಡದ ಕಡೆ" ಎಂದೆ.

ಹುಡುಗ ಸ್ವಲ್ಪ ಹೊತ್ತು ಗೋಡೆಯ ಕಡೆ ನೋಡಿದ. ಮಳೆ ಬರುವ ಹಾಗಿತ್ತು. ಚಿತ್ರ ತೆಗೆದು ಹಾಂಗ್‌ಕಾಂಗಿಗೆ ಕಳುಹಿಸಬೇಕಿತ್ತು. ಅವನೇ ಮೊಬೈಲು ಹಿಡಿದು ಎರಡು ಚಿತ್ರ ತೆಗೆದ, ಒಂದರಲ್ಲಿ ನನ್ನ ಕೊಡೆಯೂ ಬಂದಿದೆ. ಸುಳ್ಯದ ಬಸ್ಸು ತಪ್ಪುವುದರೊಳಗೆ ಇಳಿದೆವು.